ಕೊನೇ ಕೂರಿಗೆಯ ಹೊಂಬಾಳಮ್ಮ

ಬನ್ನಿ, ಕೂತುಕೊಳ್ಳಿ. ಗೆಣಸು ಒಲೆಯ ಮೇಲಿದೆ. ಅದು ಬೇಯುವಷ್ಟರಲ್ಲಿ ಕತೆ ಮುಗಿಯಬೇಕು, ಕತೆ ಮುಗಿಯುವಷ್ಟರಲ್ಲಿ ಅದು ಬೇಯಬೇಕು. ಯಾವುದು ಹಿಂದೆ ಬಿದ್ದರೂ ಬೈಗುಳ ಒಲೆಗೆ.

ಮಳೆಗಳಿಗೆಲ್ಲ ಹೆಸರಿಟ್ಟು ಊರುಗಳಿಗೆ ಹೆಸರಿಡುವುದನ್ನು ಜನ ಮರೆತಿದ್ದ ಕಾಲ. ಆ ಕಾಲದಲ್ಲಿ ಒಂದು ಸೀಮೆ. ಆ ಸೀಮೆಯಲ್ಲಿ ಒಂದು ಊರು. ಊರಿಗೆ ಹೊಳೆ ಇಲ್ಲ. ಕಾಲುವೆ ಇಲ್ಲ. ಕೆರೆ ಇದೆ ಅಂತ ಹೇಳುತ್ತಿದ್ದರು, ಆದರೆ ಅದರೊಳಗೆ ದನ ಮೇಯುತ್ತಿದ್ದವು. ಆಕಾಶ ನೋಡಿ ಬಿತ್ತಬೇಕು, ಆಕಾಶ ನೋಡುತ್ತ ಕಾಯಬೇಕು. ಬಿತ್ತುತ್ತಿದ್ದದ್ದು ರಾಗಿ. ಮನೆ ಹದಿನೆಂಟು. ಕೂರಿಗೆ ಒಂದು.

ಕೂರಿಗೆ ಗೊತ್ತಲ್ಲ? ಮೇಲೆ ಒಂದು ಮರದ ಬಟ್ಟಲು, ಕೆಳಗೆ ಬಿದಿರಿನ ಕೊಳವೆಗಳು, ಮುಂದೆ ಜೋಡೆತ್ತು. ಬಟ್ಟಲಿಗೆ ಬೀಜ ಬಿಟ್ಟರೆ ಕೊಳವೆಯಲ್ಲಿ ಇಳಿದು ಸಾಲು ಸಾಲಾಗಿ ಮಣ್ಣಿಗೆ ಬೀಳುತ್ತದೆ. ಆರಿದ್ರಾ ಮಳೆ ಬಿದ್ದ ಮಾರನೇ ದಿನ ಕೂರಿಗೆ ಹೊರಗೆ ಬರುತ್ತಿತ್ತು. ದಿನಕ್ಕೆ ಮೂರು ಮನೆಯ ಬಿತ್ತನೆ. ಹದಿನೆಂಟು ಮನೆಗೆ ಆರು ದಿನ. ಮಣ್ಣಿನಲ್ಲಿ ಹದ, ಅಂದರೆ ಬಿತ್ತುವಷ್ಟು ತೇವ, ನಿಲ್ಲುತ್ತಿದ್ದದ್ದು ನಾಲ್ಕು ದಿನ. ಉಳಿದ ಎರಡು ದಿನ ಏನಾಗುತ್ತಿತ್ತು? ಕೊನೆಯ ಆರು ಮನೆಯವರು ದೂಳಿನಲ್ಲಿ ಬಿತ್ತುತ್ತಿದ್ದರು. ಅರ್ಧ ಬೀಜ ಇರುವೆಗೆ, ಕಾಲು ಬೀಜ ಗಾಳಿಗೆ, ಮಿಕ್ಕ ಕಾಲು ಅವರಿಗೆ.

ಇನ್ನೊಂದು ಕೂರಿಗೆ ಯಾಕೆ ಮಾಡಿಸಲಿಲ್ಲ ಅಂತ ಕೇಳುತ್ತೀರಾ? ಆ ಊರಲ್ಲೂ ಒಬ್ಬ ಕೇಳಿದ್ದ. ಮುಂದಿನ ವರ್ಷ ಅವನಿಗೆ ಕೊನೇ ಕೂರಿಗೆ ಕೊಟ್ಟರು. ಆಮೇಲೆ ಯಾರೂ ಕೇಳಲಿಲ್ಲ.

ಯಾರು ಮೊದಲು, ಯಾರು ಕೊನೆ ಅಂತ ಹೇಳುವವನು ಊರ ಯಜಮಾನ ಉಗ್ರೇಗೌಡ. ಹೆಸರು ಉಗ್ರ, ಮನುಷ್ಯ ಮೊಸರಿನಂಥವನು. ಆದರೆ ಪದ್ಧತಿಯ ವಿಷಯ ಬಂದರೆ ಮೊಸರು ಕಲ್ಲಾಗುತ್ತಿತ್ತು. ಕಾರ್ತಿಕ ಮಾಸದಲ್ಲಿ, ಬೆಳೆ ನಿಂತಿರುವಾಗ, ಅವನು ಹದಿನೆಂಟು ಹೊಲವನ್ನೂ ನೋಡಿಕೊಂಡು ಬರುತ್ತಿದ್ದ. ಬದುವಿನ ಮೇಲೆ ನಿಂತೇ ನೋಡಬೇಕು. ಹೊಲದೊಳಗೆ ಕಾಲಿಡಬಾರದು. ಹಿಂದೆ ಅವನ ತಾತ ನೋಡಲೆಂದು ಹೊಲಕ್ಕಿಳಿದವನು ಮಡಿಲು ತುಂಬಿಕೊಂಡು ಮೇಲೆ ಬಂದಿದ್ದನಂತೆ. ಅಂದಿನಿಂದ ಈ ಪದ್ಧತಿ. ಗೌಡ ನೋಡುವವರೆಗೆ ಯಾರೂ ಬೆಳೆ ತೆಗೆಯಲೆಂದು ಹೊಲಕ್ಕೆ ಕುಡುಗೋಲು, ಗುದ್ದಲಿ ಹಾಕುವಂತಿಲ್ಲ. ಯಾರ ಹೊಲ ಕಳೆಯಿಲ್ಲದೆ, ಬಾಚಿದ ತಲೆಯ ಹಾಗೆ ಒಂದೇ ಬಣ್ಣಕ್ಕೆ ನಿಂತಿದೆಯೋ ಅವರಿಗೆ ಮರುವರ್ಷ ಮೊದಲ ಕೂರಿಗೆ. ಯಾರ ಹೊಲ ಕೆದರಿದೆಯೋ ಅವರಿಗೆ ಕೊನೇದು.

ಇನ್ನು ಹೊಂಬಾಳಮ್ಮನ ವಿಷಯ ಕೇಳಿ.

ಹೊಂಬಾಳಮ್ಮ ಆ ಊರಿನ ದೊಡ್ಡ ಹೆಂಗಸು. ಅಕ್ಷರ ಕಲಿತವಳು ಊರಲ್ಲಿ ಅವಳೊಬ್ಬಳೇ. ಅದನ್ನು ಅವಳು ಮರೆತಿರಲಿಲ್ಲ, ಊರೂ ಮರೆಯದ ಹಾಗೆ ನೋಡಿಕೊಂಡಿದ್ದಳು. ಅವಳ ಅಡುಗೆಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿತ್ತು. ಅದರ ಮೇಲೆ ಸುಣ್ಣದ ಚುಕ್ಕೆಗಳು. ಒಳ್ಳೆ ಮಳೆಗೆ ದೊಡ್ಡ ಚುಕ್ಕೆ, ತುಂತುರಿಗೆ ಸಣ್ಣ ಚುಕ್ಕೆ, ಬಾರದ ಮಳೆಗೆ ಬರೀ ಸೊನ್ನೆ. ಭರಣಿಯಿಂದ ಸ್ವಾತಿಯವರೆಗೆ ಒಂದೊಂದಕ್ಕೂ ಹೆಸರು ಬರೆದು, ಇಪ್ಪತ್ತೊಂಬತ್ತು ವರ್ಷ ಬಿಡದೆ ಇಟ್ಟಿದ್ದಳು. ಒಂದು ಕಡೆ ಆಶ್ಲೇಷದ ಪಕ್ಕದಲ್ಲಿ "ಎರಡು ದಿನ ಚೆನ್ನಾಗಿ ಹೊಯ್ಯಿತು. ಇವರು ಹೋದರು" ಅಂತ ಬರೆದು, ಕೆಳಗಿನ ಸಾಲು ಖಾಲಿ ಬಿಟ್ಟಿದ್ದಳು. ಅದು ಅವಳ ಗಂಡ ಮುದ್ದಯ್ಯ ತೀರಿಕೊಂಡ ವರ್ಷ.

ಮುದ್ದಯ್ಯ ಇದ್ದಾಗ ಆ ಮನೆಗೇ ಮೊದಲ ಕೂರಿಗೆ. ಅವನು ಹೋದಾಗ ಹೊಲದ ಕಳೆ ತೆಗೆಯುವ ಹೊತ್ತು, ಮನೆಯಲ್ಲಿ ಸೂತಕ. ಹೊಲ ಕೆದರಿತು. ಕಾರ್ತಿಕದಲ್ಲಿ ಗೌಡ ಬದುವಿನ ಮೇಲೆ ನಿಂತ, ತುಂಬ ಸಂಕಟಪಟ್ಟ, ಕಣ್ಣೊರೆಸಿಕೊಂಡ, ಕೊನೇ ಕೂರಿಗೆ ಅಂದ.

ಹೊಂಬಾಳಮ್ಮ ಅಳಲಿಲ್ಲ. ಮಗ ರಾಚಯ್ಯನನ್ನೂ, ಆ ವರ್ಷದ ಬಿತ್ತನೆ ಮುಗಿದ ಮೇಲೆ ಮನೆಗೆ ಬಂದಿದ್ದ ಸೊಸೆ ಸಾಕಮ್ಮನನ್ನೂ ಕರೆದು ಒಂದೇ ಮಾತು ಹೇಳಿದಳು.

"ನಾನು ಸಾಯೋಕೆ ಮುಂಚೆ ಇನ್ನೊಂದು ಸಲ ಹದದಲ್ಲಿ ಬಿತ್ತಬೇಕು. ಅಷ್ಟೇ. ಇನ್ನೇನೂ ಬೇಡ."

"ಆಗಲಿ ಅವ್ವ," ಅಂದ ರಾಚಯ್ಯ. ಅವನು ಎಲ್ಲದಕ್ಕೂ ಆಗಲಿ ಅನ್ನುವವನು.

ಮೊದಲನೇ ವರ್ಷ. ಆರನೇ ದಿನ ಸಂಜೆ ಕೂರಿಗೆ ಬಂತು. ಬಿತ್ತಿದರು. ರಾಗಿ ಬಂದ ಕಡೆ ಬಂತು, ಬಾರದ ಕಡೆ ಬಾರಲಿಲ್ಲ. ಹೊಂಬಾಳಮ್ಮ ಹೊಲದಲ್ಲಿ ಓಡಾಡಿದಳು, ಖಾಲಿ ಬಿದ್ದ ಜಾಗ ನೋಡಿದಳು. ಮನೆಗೆ ಹೋಗಿ ಗೋಡೆ ನೋಡಿದಳು. ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ವರ್ಷ ಮಖೆ ಮಳೆಯ ಮುಂದೆ ಸೊನ್ನೆ, ಪುಬ್ಬೆಯ ಮುಂದೆ ಸೊನ್ನೆ. ಆ ಹನ್ನೊಂದು ವರ್ಷವೂ ರಾಗಿ ಜೊಳ್ಳು. ಅವರೆ ಹಾಗಲ್ಲ, ಇಬ್ಬನಿ ಕುಡಿದೇ ಕಾಯಿ ಕಟ್ಟುತ್ತದೆ. ಖಾಲಿ ಜಾಗಕ್ಕೆಲ್ಲ ಅವರೆ ಊರಿದಳು.

ಕಾರ್ತಿಕದಲ್ಲಿ ಗೌಡ ಬಂದ. ಬದುವಿನ ಮೇಲೆ ನಿಂತ.

"ಇದೇನು ಹೊಂಬಾಳಮ್ಮ?"

"ರಾಗಿ."

"ಅದು?"

"ಅವರೆ."

"ಒಂದೇ ಹೊಲದಲ್ಲಿ ಎರಡಾ?"

"ಜಾಗ ಖಾಲಿ ಇತ್ತು ಗೌಡ್ರೇ. ಬರ್ತೀಯಾ ಅಂತ ಅವರೇನ ಕೇಳಿದೆ. ಬಂತು."

ಗೌಡ ಬೆರಳು ಮಡಿಚಿದ. "ಎರಡು ಬಣ್ಣ. ಕೊನೇ ಕೂರಿಗೆ."

ಎರಡನೇ ವರ್ಷ. ಮತ್ತೆ ಆರನೇ ದಿನ, ಮತ್ತೆ ದೂಳು. ಈ ಸಲ ಹೊಂಬಾಳಮ್ಮ ಬಚ್ಚಲು ನೀರು ಹರಿಯುವ ಕಡೆ ಹೋದಳು. ಅಲ್ಲಿ ಬೇಸಿಗೆಯಿಡೀ ಗೆಣಸಿನ ಬಳ್ಳಿ ಹಬ್ಬಿಸಿ ಉಳಿಸಿಕೊಂಡಿದ್ದಳು. ಬಳ್ಳಿ ಕೊಯ್ದು, ಗೇಣುದ್ದ ತುಂಡು ಮಾಡಿ, ಅವರೆಯ ಮಗ್ಗುಲಿಗೆ ಮಣ್ಣು ಏರಿಸಿ ನೆಟ್ಟಳು.

"ಅತ್ತೆಮ್ಮ, ಇದು ಹಿತ್ತಲ ಬೆಳೆ ಅಲ್ವಾ? ಹೊಲಕ್ಕೆ ಹಾಕಿದ್ರೆ ಜನ ನಗಲ್ವಾ?" ಅಂದಳು ಸಾಕಮ್ಮ.

"ರಾಗಿ ಬೇರು ಮೇಲುಮೇಲಕ್ಕೆ ಇರ್ತದೆ, ಅವರೆ ಬೇರು ಆಳಕ್ಕೆ ಹೋಗ್ತದೆ. ನಡುವೆ ಸುಮ್ನೆ ಬಿದ್ದಿದೆ ಮಣ್ಣು. ಯಾರಾದ್ರೂ ಇರಲಿ ಅಲ್ಲಿ. ಎಲೆ ಹಬ್ಬಿದ್ರೆ ನೆಲ ಬೇಗ ಒಣಗಲ್ಲ. ನಗೋರಿಗೆ ನಗೋ ಕೆಲಸ ಆಯ್ತು, ನಮಗೆ ನಮ್ಮ ಕೆಲಸ ಆಯ್ತು."

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದ ಹೊಲದ ದ್ಯಾವಣ್ಣ. ಮುದ್ದಯ್ಯ ಹೋದ ಮೇಲೆ ಮೊದಲ ಕೂರಿಗೆ ಅವನ ಮನೆಗೆ ಬರುತ್ತಿತ್ತು. ಅವನ ಹೊಲದ ರಾಗಿ ಸಾಲಿಗೆ ನೂಲು ಹಿಡಿದರೆ ನೂಲೇ ನಾಚಬೇಕು.

"ಅಕ್ಕೋ, ಏನು ಹೊಲಾನೋ ಸಂತೆನೋ?"

"ಸಂತೆ ಕಣಪ್ಪ. ನಿಂಗೇನು ಬೇಕು?"

ಕಾರ್ತಿಕದಲ್ಲಿ ಗೌಡ ಬಂದ, ನಿಂತ, ಬೆರಳು ಮಡಿಚಿದ. "ಮೂರು ಬಣ್ಣ. ಕೊನೇ ಕೂರಿಗೆ."

ಆ ವರ್ಷ ಸಂಕ್ರಾಂತಿಗೆ ಅವರ ಮನೆಯಲ್ಲಿ ಅವರೆಕಾಳು ಸಾರು, ಬೇಯಿಸಿದ ಗೆಣಸು, ಕಡಿಮೆಯಾದರೂ ಮುದ್ದೆ, ಎಲ್ಲ ಇತ್ತು. ಸಾಕಮ್ಮ ತೇಗಿದಳು.

"ಹೊಟ್ಟೆ ತುಂಬಿತಲ್ಲ ಅತ್ತೆಮ್ಮ. ಕೂರಿಗೆ ಮೊದಲು ಬಂದ್ರೇನು, ಕೊನೇಲಿ ಬಂದ್ರೇನು?"

"ಹೊಟ್ಟೆ ಮಾತು ಬೇರೆ, ಹದದ ಮಾತು ಬೇರೆ," ಅಂದಳು ಹೊಂಬಾಳಮ್ಮ. "ಹದವಾದ ಮಣ್ಣಿಗೆ ಬೀಜ ಬಿದ್ದರೆ ಕಾಲಿಗೆ ಗೊತ್ತಾಗ್ತದೆ. ನಿಂಗೆ ಅದು ಗೊತ್ತಿಲ್ಲ. ನೀನು ಈ ಮನೆಗೆ ಬಂದಾಗಿಂದ ದೂಳಲ್ಲೇ ಬಿತ್ತಿದ್ದೀಯ."

ಮೂರನೇ ವರ್ಷ. ಈಗ ಗಮನ ಇಟ್ಟು ಕೇಳಿ. ಈ ಸಲ ಹೊಂಬಾಳಮ್ಮ ಖಾಲಿ ಜಾಗಕ್ಕೆ ಕಾಯಲಿಲ್ಲ. ಕೂರಿಗೆಯ ಹಿಂದೆ ಹಗ್ಗದಲ್ಲಿ ಒಂದು ಬಿದಿರಿನ ಕೊಳವೆ ಕಟ್ಟಿದಳು. ಕೂರಿಗೆಯಲ್ಲಿ ರಾಗಿ ಇಳಿಯುತ್ತಿದ್ದರೆ ಹಿಂದಿನ ಕೊಳವೆಯಲ್ಲಿ ಸಾಕಮ್ಮ ಅವರೆ ಬಿಟ್ಟುಕೊಂಡು ಬಂದಳು. ಹನ್ನೆರಡು ಸಾಲು ರಾಗಿ, ಒಂದು ಸಾಲು ಅವರೆ, ಅದರ ಮಗ್ಗುಲಿಗೆ ಒಂದು ಸಾಲು ಗೆಣಸು. ಕೂರಿಗೆಗೆ ಬಾಲ ಬಂತು ಅಂತ ಊರು ಮತ್ತೆ ನಕ್ಕಿತು. ಆ ವರ್ಷದ ಕೊನೆಯ ನಗು ಅದು.

ಮಖೆ ಬರಲಿಲ್ಲ. ಪುಬ್ಬೆ ಬರಲಿಲ್ಲ. ಉತ್ತರೆ ಬಂದು ಅಂಗಳ ನೆನೆಸಿ ಹೋಯಿತು. ಹೊಂಬಾಳಮ್ಮ ಗೋಡೆಗೆ ಸೊನ್ನೆ, ಸೊನ್ನೆ, ಸಣ್ಣ ಚುಕ್ಕೆ ಇಟ್ಟಳು.

ಕಾರ್ತಿಕದಲ್ಲಿ ಗೌಡ ಹೊಲ ನೋಡಲು ಹೊರಟ. ಹದಿನೇಳು ಹೊಲ ನೋಡಿದ. ಹದಿನೇಳೂ ಒಂದೇ ಬಣ್ಣ, ಒಣಹುಲ್ಲಿನ ಬಣ್ಣ. ಉಜ್ಜಿದರೆ ತೆನೆಯಲ್ಲಿ ಹೊಟ್ಟು. ದ್ಯಾವಣ್ಣನ ಹೊಲ ಎಲ್ಲಕ್ಕಿಂತ ಚೆನ್ನಾಗಿ ಒಣಗಿತ್ತು. ಒಂದು ಸಾಲು ಕೂಡ ಸೊಟ್ಟಗೆ ಒಣಗಿರಲಿಲ್ಲ.

ಕೊನೆಗೆ ಹೊಂಬಾಳಮ್ಮನ ಬದುವಿಗೆ ಬಂದ. ಅವಳ ರಾಗಿಯೂ ಒಣಗಿತ್ತು. ಆದರೆ ಅವರೆ ಹೂ ಬಿಟ್ಟಿತ್ತು. ಗೆಣಸಿನ ಬಳ್ಳಿ ಸೊರಗಿ ಸೊರಗಿ ಹಸಿರಾಗಿಯೇ ಇತ್ತು.

ಗೌಡ ಬಹಳ ಹೊತ್ತು ನೋಡಿದ. ಬೆರಳು ಮಡಿಚಿದ.

"ಹುಲ್ಲಿನ ಬಣ್ಣ ಒಂದು, ಅವರೆ ಎಲೆ ಒಂದು, ಅವರೆ ಹೂ ಒಂದು, ಗೆಣಸಿನ ಬಳ್ಳಿ ಒಂದು. ನಾಲ್ಕು ಬಣ್ಣ. ಕೊನೇ ಕೂರಿಗೆ."

"ಮೊದಲ್ನೇದು ಯಾರಿಗೆ ಗೌಡ್ರೇ?"

"ದ್ಯಾವಣ್ಣನಿಗೆ. ಅವನ ಹೊಲ ಒಂದೇ ಬಣ್ಣ."

"ಅವನ ಹೊಲ ಸತ್ತಿದೆ ಗೌಡ್ರೇ."

"ಸತ್ತಿದೆ. ಒಂದೇ ಬಣ್ಣಕ್ಕೆ ಸತ್ತಿದೆ. ಪದ್ಧತಿಯಲ್ಲಿ ಬಣ್ಣ ಅಂತಿದೆ ತಾಯಿ, ಜೀವ ಅಂತ ಇಲ್ಲ."

"ಹೊಲದೊಳಗೆ ಇಳಿದು ಒಂದು ಕಡೆ ಮಣ್ಣು ಬಗೆದು ನೋಡಿ."

"ಕಾಲಿಡೋ ಹಾಗಿಲ್ಲ. ನಮ್ಮ ತಾತನ ವಿಷಯ ನಿನಗೂ ಗೊತ್ತು," ಅಂದ ಗೌಡ. ಪಾಪ, ಅವನಿಗೂ ಹಸಿವಾಗಿತ್ತು. ತಲೆ ತಗ್ಗಿಸಿ ಹೊರಟು ಹೋದ.

ಗೌಡ ನೋಡಿದ ಮೇಲೆ ಗುದ್ದಲಿ ಹಾಕಬಹುದಲ್ಲ? ಹೊಂಬಾಳಮ್ಮ ರಾಚಯ್ಯನ ಕೈಗೆ ಗುದ್ದಲಿ ಕೊಟ್ಟಳು. ಮಣ್ಣು ತಿರುಗಿತು. ಗೆಣಸು ಎದ್ದವು. ದಪ್ಪವೇನಲ್ಲ, ಹೆಬ್ಬೆರಳಿಗಿಂತ ಒಂದಿಷ್ಟು ಹೆಚ್ಚು. ಆದರೆ ಬಗೆದಲ್ಲೆಲ್ಲ ಇದ್ದವು. ಮೂರು ದಿನ ಬಗೆದರು, ಇನ್ನೂ ಇದ್ದವು.

ಗೆಣಸು ಬೇಯುವ ವಾಸನೆ ಗೊತ್ತಲ್ಲ? ಈಗ ನಿಮ್ಮ ಮೂಗಿಗೆ ಬರುತ್ತಿದೆಯಲ್ಲ, ಅದೇ. ಅದು ಹದಿನೇಳು ಮನೆಗೂ ಹೋಯಿತು. ಹದಿನೇಳು ಮನೆಯೂ ಬಂತು. ಹಸಿವಾಗಿದೆ ಅಂತ ಯಾರೂ ಹೇಳಲಿಲ್ಲ. ಒಬ್ಬಳು ಬೆಂಕಿ ಕೇಳುವ ನೆಪದಲ್ಲಿ ಬಂದಳು. ಒಬ್ಬ ಕಳೆದುಹೋದ ಕರು ಹುಡುಕುತ್ತ ಬಂದ, ಅವನಿಗೆ ಕರುವೇ ಇರಲಿಲ್ಲ. ದ್ಯಾವಣ್ಣ ಬಂದು ಗೋಡೆ ನೋಡಬೇಕು ಅಂದ.

"ಓದೋಕೆ ಬರ್ತದಾ?" ಅಂದಳು ಹೊಂಬಾಳಮ್ಮ.

"ಬರಲ್ಲ ಅಕ್ಕ. ಸುಮ್ನೆ ನೋಡ್ತೀನಿ."

"ಕೂತ್ಕೊಂಡು ನೋಡು," ಅಂತ ಮುಂದೆ ಗೆಣಸಿನ ತಟ್ಟೆ ಇಟ್ಟಳು. ದ್ಯಾವಣ್ಣ ಗೋಡೆಯನ್ನು ಮೂರು ತಟ್ಟೆಯಷ್ಟು ನೋಡಿದ.

ಹೀಗೆ ಊರು ಸಂಕ್ರಾಂತಿ ದಾಟಿತು, ಶಿವರಾತ್ರಿ ದಾಟಿತು. ಗೆಣಸು ಮುಗಿಯುವಾಗ ಅವರೆ ಬಂತು. ಎಲ್ಲರಿಗೂ ಹೊಂಬಾಳಮ್ಮ ಬಳ್ಳಿಯನ್ನೂ ಕೊಟ್ಟಳು, ಬಚ್ಚಲ ಹತ್ತಿರ ನೆಟ್ಟು ಉಳಿಸಿಕೊಳ್ಳಿ ಅಂದಳು.

ಹೊಟ್ಟೆ ತುಂಬಿದ ಮೇಲೆ ಊರು ಯೋಚನೆ ಮಾಡಲು ಕುಳಿತಿತು. ಎಲ್ಲರ ಹೊಲ ಹೋಯಿತು, ಅವಳೊಬ್ಬಳ ಹೊಲ ಉಳಿಯಿತು. ಯಾಕೆ?

"ಯಾಕೇಂದ್ರೆ," ಅಂದ ದ್ಯಾವಣ್ಣ, "ನಾವೆಲ್ಲ ಮುಂಚೆ ಬಿತ್ತಿದ್ವಿ. ಅಕ್ಕ ಕೊನೇಲಿ ಬಿತ್ತಿದಳು."

ಊರಿಗೆ ಮೈ ನವಿರೆದ್ದಿತು. ಎಷ್ಟು ಸುಲಭದ ವಿಷಯ, ಇಷ್ಟು ದಿನ ಹೊಳೆದಿರಲಿಲ್ಲವಲ್ಲ!

"ಅಲ್ಲಪ್ಪ," ಅಂದಳು ಹೊಂಬಾಳಮ್ಮ. "ಕೊನೇಲಿ ಬಿತ್ತಿ ನನ್ನ ರಾಗೀನೂ ಹೋಯ್ತು. ಜೊತೇಲಿ ಅವರೆ ಇತ್ತು, ಕೆಳಗೆ ಗೆಣಸಿತ್ತು. ಒಂದು ಕೈ ಬಿಟ್ರೆ ಇನ್ನೆರಡು ಹಿಡ್ಕೊಂಡವು. ಅದು ಸಂಗತಿ."

"ಹೌದು ಹೌದು," ಅಂದರು ಎಲ್ಲರೂ. "ಕೊನೇಲಿ ಬಿತ್ತಿದ್ದಕ್ಕೆ ಹಿಡ್ಕೊಂಡವು."

ಎರಡನೇ ಸಲ ಹೇಳಿದಳು. ಗೋಡೆ ತೋರಿಸಿ ಹೇಳಿದಳು. ಹನ್ನೊಂದು ಸೊನ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಊರು ಸೊನ್ನೆಗಳನ್ನು ಮೆಚ್ಚಿಕೊಂಡಿತು. ಎಷ್ಟು ದುಂಡಗಿವೆ ಅಂದಿತು. ಮುಂದಿನ ವರ್ಷ ಕೊನೇ ಕೂರಿಗೆ ಯಾರಿಗೆ ಸಿಗಬೇಕು ಅಂತ ಅಲ್ಲೇ ಜಗಳ ಶುರುವಾಯಿತು.

ಮೂರನೇ ಸಲ ಹೇಳಲು ಹೊಂಬಾಳಮ್ಮ ಬಾಯಿ ತೆರೆದಳು. ಜಗಳ ನೋಡಿದಳು. ಏನೋ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ಬೇಸಿಗೆ ಕಳೆಯಿತು. ಆರಿದ್ರಾ ಬಂತು. ಹೇಗೆ ಬಂತು ಗೊತ್ತಾ? ಒಂದು ಹಗಲು ಒಂದು ರಾತ್ರಿ ನಿಲ್ಲದೆ ಬಂತು. ಗೋಡೆಯಲ್ಲಿ ಅಷ್ಟು ದೊಡ್ಡ ಚುಕ್ಕೆಗೆ ಜಾಗ ಇರಲಿಲ್ಲ. ಮಾರನೇ ಬೆಳಗ್ಗೆ ಗೌಡ ಕೂರಿಗೆ ತಂದು ಚಾವಡಿ ಮುಂದೆ ನಿಲ್ಲಿಸಿದ.

"ದ್ಯಾವಣ್ಣ, ಬಾರಪ್ಪ. ಮೊದಲ ಕೂರಿಗೆ ನಿಂದು."

ದ್ಯಾವಣ್ಣ ಕುಂಟುತ್ತ ಬಂದ. "ಕಾಲು ಹಿಡ್ಕೊಂಡಿದೆ ಗೌಡ್ರೇ. ಮೊದಲು ಬೇರೆಯವರು ಮಾಡ್ಕೊಳ್ಳಿ. ನಂದೇನು, ಕೊನೇಲಾದ್ರೂ ಆದೀತು."

ಎರಡನೆಯವನನ್ನು ಕರೆದರೆ ಅವನ ಎತ್ತಿಗೆ ಮನಸ್ಸಿಲ್ಲ. ಮೂರನೆಯವನು ಹಿರಿಯರು ಮುಂದೆ ಹೋಗಲಿ ಅಂದ. ಹಿರಿಯರು ಚಿಕ್ಕವರು ಮುಂದೆ ಬರಬೇಕಾದ ಕಾಲ ಇದು ಅಂದರು. ಅಂಥ ಮರ್ಯಾದೆ ಆ ಊರಲ್ಲಿ ಹಿಂದೆಂದೂ ಕಂಡಿರಲಿಲ್ಲ. ಮೊದಲ ದಿನ ಹೋಯಿತು. ಕೂರಿಗೆ ನಿಂತಲ್ಲೇ ನಿಂತಿತ್ತು. ಎರಡನೇ ದಿನ ಬಟ್ಟಲಲ್ಲಿ ಒಂದು ಕೋಳಿ ಮೊಟ್ಟೆ ಇಟ್ಟಿತ್ತು.

ಎರಡನೇ ದಿನ ಮಧ್ಯಾಹ್ನ ಗೌಡ ಹೊಂಬಾಳಮ್ಮನ ಮನೆಗೆ ಬಂದ. ಕೈಯಲ್ಲಿ ಮೊಟ್ಟೆ.

"ಹೊಂಬಾಳಮ್ಮ, ನೀನಾದ್ರೂ ಮೊದಲು ಬಿತ್ತಿಬಿಡು."

"ನಾನು ಕೊನೇಯವಳು ಗೌಡ್ರೇ. ನೀವೇ ಹೇಳಿದ್ದು. ನಾಲ್ಕು ಬಣ್ಣ."

ರಾಚಯ್ಯ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ. ಹೊಂಬಾಳಮ್ಮನ ಕೈಯೂ ಸೆರಗಿನೊಳಗೆ ಏನನ್ನೋ ಹಿಸುಕುತ್ತಿತ್ತು. ಬೆಳಗ್ಗೆ ಹೊಲದಿಂದ ತಂದ ಒಂದು ಹಿಡಿ ಮಣ್ಣು. ಹಿಸುಕಿದರೆ ಉಂಡೆಯಾಗುತ್ತಿತ್ತು. ಉಂಡೆಯಾಗುವ ತನಕ ಹದ ಇದೆ.

"ಊರಿಗೋಸ್ಕರ ಕೇಳ್ತಿದ್ದೀನಿ ತಾಯಿ."

"ಮೂರು ವರ್ಷ ಕಷ್ಟಪಟ್ಟು ಉಳಿಸ್ಕೊಂಡ ಜಾಗ ಗೌಡ್ರೇ. ಹಂಗೆಲ್ಲ ಬಿಟ್ಟುಕೊಡೋಕಾಗ್ತದಾ?"

ಉಂಡೆಯ ಅಂಚು ಸ್ವಲ್ಪ ಬಿರಿಯಿತು. ರಾಚಯ್ಯನ ಹಣೆಯಲ್ಲಿ ಬೆವರು. ಗೌಡ ಮೂರನೇ ಸಲ ಕೇಳಿದ, ಈ ಸಲ ಕೈ ಮುಗಿದು. ಮೊಟ್ಟೆ ಎರಡು ಕೈಯ ನಡುವೆ ಇತ್ತು.

"ಕೊನೇ ಜಾಗ ಯಾರಿಗೆ ಕೊಡ್ತೀರಿ?"

"ದ್ಯಾವಣ್ಣ ಆಗ್ಲೇ ಎರಡು ಸಲ ಬಂದು ಕೇಳಿದ."

"ಅವನಿಗೇ ಕೊಡಿ. ಆಸೆಪಟ್ಟಿದ್ದಾನೆ. ಇನ್ನೊಂದು ಮಾತು. ಈ ಕಾರ್ತಿಕದಲ್ಲಿ ನನ್ನ ಹೊಲಾನ ಬದುವಿನ ಮೇಲಿಂದ ನೋಡಬೇಡಿ. ಗುದ್ದಲಿ ತಗೊಂಡು ಒಳಗೆ ಬನ್ನಿ."

"ಪದ್ಧತಿ..."

"ಹಂಗಾದ್ರೆ ನಾನು ಕೊನೇಯವಳೇ."

ಗೌಡ ಮೊಟ್ಟೆ ನೋಡಿದ, ಆಕಾಶ ನೋಡಿದ. "ಬರ್ತೀನಿ," ಅಂದ.

ಅವನು ಬೀದಿ ತಿರುಗುವವರೆಗೆ ಹೊಂಬಾಳಮ್ಮ ಸಮಾಧಾನವಾಗಿ ನಿಂತಿದ್ದಳು. ತಿರುಗಿದ ಮೇಲೆ ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ಸಾಕಮ್ಮ ಹಿಂದೆಂದೂ ಕಂಡಿರಲಿಲ್ಲ.

ಎತ್ತು ಹೂಡಿದರು. ರಾಚಯ್ಯ ಎತ್ತು ಹೊಡೆದ. ಸಾಕಮ್ಮ ಹಿಂದಿನ ಕೊಳವೆ ಹಿಡಿದಳು. ಕೂರಿಗೆಯ ಬಟ್ಟಲಿಗೆ ಹೊಂಬಾಳಮ್ಮ ತಾನೇ ನಿಂತಳು. ಬೆರಳ ಸಂದಿಯಿಂದ ರಾಗಿ ಇಳಿಯಿತು. ದೂಳು ಏಳಲಿಲ್ಲ. ಮಣ್ಣು ಬಿರಿದು ಬೀಜ ತೆಗೆದುಕೊಂಡು ಮುಚ್ಚಿಕೊಂಡಿತು. ಪಾದದ ಕೆಳಗೆ ತಣ್ಣಗೆ, ಮೆತ್ತಗೆ.

ಹೊಲದ ಕೊನೆಯಲ್ಲಿ ಎತ್ತು ತಿರುಗಿದಾಗ ಸಾಕಮ್ಮ ಹಿಂದಿನಿಂದ ಹೇಳಿದಳು. "ಅತ್ತೆಮ್ಮ, ಕಾಲಿಗೆ ಗೊತ್ತಾಗ್ತಿದೆ."

ಹೊಂಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೊದಲನೆಯವಳಾಗಿ ಬಿತ್ತಿದರೂ ಲೆಕ್ಕ ತಪ್ಪಲಿಲ್ಲ. ಹನ್ನೆರಡು ಸಾಲು ರಾಗಿ, ಒಂದು ಸಾಲು ಅವರೆ, ಮಗ್ಗುಲಿಗೆ ಒಂದು ಸಾಲು ಗೆಣಸು.

ಆಮೇಲೆ? ಆಮೇಲೆ ಕೂರಿಗೆ ಚಾವಡಿಗೆ ವಾಪಸು ಬಂತು. ಈಗ ಎರಡನೆಯವನೇ ಮೊದಲನೆಯವನಾದ. ಅವನಿಗೂ ಕಾಲುನೋವು ಬಂತು. ಹೀಗೆ ನಾಲ್ಕು ದಿನ ಮುಗಿಯಿತು, ಹದ ಮುಗಿಯಿತು. ಐದನೇ ದಿನ ಹೊಂಬಾಳಮ್ಮನ ಹೊಲದಲ್ಲಿ ಮೊಳಕೆ ಎದ್ದು ನಿಂತಿತು, ಒಂದು ಸಾಲೂ ಖಾಲಿ ಇಲ್ಲದೆ. ಊರು ಬದುವಿನ ಮೇಲೆ ಬಂದು ನಿಂತು ನೋಡಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಕಾಲುನೋವೂ ಒಂದೇ ಸಲಕ್ಕೆ ವಾಸಿಯಾಗಿ ಕೂರಿಗೆಯ ಕಡೆಗೆ ಓಡಿದರು. ಪುನರ್ವಸು ಮಳೆ ದೊಡ್ಡ ಮನಸ್ಸು ಮಾಡಿ ಬಂತು, ಊರು ಹೇಗೋ ಬಿತ್ತಿಕೊಂಡಿತು. ಕೊನೆಯ ದಿನ, ಒಳ್ಳೆಯ ದೂಳಿನಲ್ಲಿ, ದ್ಯಾವಣ್ಣ ಬಿತ್ತಿದ. ಬರೀ ರಾಗಿ. ಬಚ್ಚಲ ಹತ್ತಿರ ನೆಟ್ಟಿದ್ದ ಬಳ್ಳಿಯನ್ನು ಅವನ ಎಮ್ಮೆ ತಿಂದಿತ್ತು.

ಕಾರ್ತಿಕ ಬಂತು. ಗೌಡ ಗುದ್ದಲಿ ಹಿಡಿದು ಹೊಂಬಾಳಮ್ಮನ ಬದುವಿನ ಮೇಲೆ ನಿಂತ. ಮೊದಲು ಬಲಗಾಲು ಇಟ್ಟ, ತೆಗೆದ, ಎಡಗಾಲು ಇಟ್ಟ. ಏನೂ ಆಗಲಿಲ್ಲ. ಒಳಗಿಳಿದು ಬಗೆದ. ತೋಳಿನಷ್ಟು ದಪ್ಪದ ಗೆಣಸು ಸಿಕ್ಕಿತು. ಮೇಲೆ ರಾಗಿ ತೆನೆ ಬಾಗಿತ್ತು, ಪಕ್ಕದಲ್ಲಿ ಅವರೆ ಸೊನೆಯ ಘಮ. ಗೌಡ ಬೆರಳು ಮಡಿಚಲು ಹೋದ, ಕೈ ತುಂಬ ಗೆಣಸಿತ್ತು. ಹಾಗೇ ಮಡಿಲಿಗೆ ಹಾಕಿಕೊಂಡು ಮೇಲೆ ಬಂದ. ಥೇಟ್ ಅವನ ತಾತನ ಹಾಗೆ.

ಅವತ್ತೇ ಸಂಜೆ ದ್ಯಾವಣ್ಣ ಬಂದು ಜಗಲಿಯ ಮೇಲೆ ಕುಳಿತ.

"ಅಕ್ಕ, ಕೊನೇಲಿ ಬಿತ್ತಿದಾಗ್ಲೂ ನಿನ್ನ ಹೊಲ ಚೆನ್ನಾಗಿತ್ತು. ಮೊದಲು ಬಿತ್ತಿದಾಗ್ಲೂ ಚೆನ್ನಾಗಿದೆ. ನಾನು ಎರಡೂ ಮಾಡಿ ನೋಡಿದೆ, ಎರಡರಲ್ಲೂ ಕೆಟ್ಟೆ. ಹಂಗಾದ್ರೆ ಇದರ ಗುಟ್ಟೇನು?"

ಹೊಂಬಾಳಮ್ಮ ಗೋಡೆಗೆ ಚುಕ್ಕೆ ಇಡುತ್ತಿದ್ದಳು. ಆ ವರ್ಷದ ಆರಿದ್ರಾದ ಮುಂದೆ ಆಗಲೇ "ಹದದಲ್ಲಿ ಬಿತ್ತಿದೆವು" ಅಂತ ಬರೆದಿತ್ತು. ಅದರ ಕೆಳಗಿನ ಸಾಲು, ಮುದ್ದಯ್ಯ ಹೋದ ವರ್ಷ ಬಿಟ್ಟ ಹಾಗೆ, ಖಾಲಿ ಬಿಟ್ಟಿತ್ತು. ಸುಣ್ಣದ ಬೆರಳು ಒರೆಸಿಕೊಂಡು ಬಂದು ಅವನ ಎದುರು ಕುಳಿತಳು.

"ನಿಂಗೆ ಮೂರು ಸಲ ಹೇಳಬೇಕಾಗಿತ್ತು ಕಣಪ್ಪ. ಎರಡೇ ಸಲ ಹೇಳಿದ್ದೆ. ಒಂದು ಬಾಕಿ ಇಟ್ಕೊಂಡಿದ್ದೆ. ಈಗ ಕೇಳಿಸ್ಕೊ."

ಹೇಳಿದಳು. ಈ ಸಲ ಅವನಿಗೆ ಕೇಳಿಸಿತು. ಮಾರನೇ ಬೆಳಗ್ಗೆ ಎಮ್ಮೆಯನ್ನು ಬಚ್ಚಲಿನಿಂದ ದೂರ ಕಟ್ಟಿದ.

ಅವರ ಬಳ್ಳಿ ಅವರ ಹೊಲದಲ್ಲಿ ಹಬ್ಬಿತು, ನಮ್ಮ ಕತೆ ನಮ್ಮ ಜಗಲಿಯಲ್ಲಿ ಮುಗಿಯಿತು. ಏಳಿ, ಯಾರಾದರೂ ಒಬ್ಬರು ಒಳಗೆ ಹೋಗಿ ಕಡ್ಡಿ ಚುಚ್ಚಿ ನೋಡಿ, ಬೆಂದಿದೆಯಾ ಅಂತ. ನೀನು ಮೊದಲು ಹೋಗು, ನೀನು ಮೊದಲು ಹೋಗು ಅಂತ ಮಾತ್ರ ಕೂರಬೇಡಿ.